ಹೆದ್ದಾರಿ ಊರೊಳಗೆ ಬಂದಾಗ



ನಮ್ಮ ಉತ್ತರ ಕರ್ನಾಟಕದ ಯಾವ ಸಣ್ಣ ಪಟ್ಟಣಕ್ಕೆ ಹೋದರೂ ಊರಿನ ವ್ಯವಹಾರವೆಲ್ಲ ಹೆದ್ದಾರಿಯ ಎರಡೂ ಬದಿಗೆ ಹರಡಿಕೊಂಡಿರುತ್ತದೆ. ಈ ಬದಿಗೆ ಬಸ್ ನಿಲ್ದಾಣ, ಆ ಬದಿಗೆ ಸರ್ಕಾರಿ ಆಸ್ಪತ್ರೆ. ಈ ಕಡೆ ಹೈಸ್ಕೂಲು, ಆ ಕಡೆ ಹಾಸ್ಟೆಲ್ಲು. ವಾರದ ಸಂತೆ ಕೂಡುವುದೂ ಅದೇ ರಸ್ತೆಯ ಅಂಚಿಗೆ. ದೂರದಿಂದ ಬರುವ ಲಾರಿಯವರಿಗೆ ಅದು ಎರಡು ನಿಮಿಷದಲ್ಲಿ ಹಿಂದೆ ಬೀಳುವ ಒಂದು ಊರು. ಅಲ್ಲಿ ಬಾಳುವವರಿಗೆ ದಿನಕ್ಕೆ ನಾಲ್ಕು ಸಲ ದಾಟಲೇಬೇಕಾದ ಓಣಿ.

ಆ ಓಣಿಯಲ್ಲಿ ನಡೆಯುವವರ, ಸೈಕಲ್ ತುಳಿಯುವವರ ಜೀವದ ಬಗ್ಗೆ ಇವತ್ತು ಮಾತಾಡುತ್ತೇನೆ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿ ಊರೊಳಗೆ ಬಂದ ಮೇಲೆ ಅಲ್ಲಿ ಎಷ್ಟು ವೇಗ ಇರಬೇಕೆಂಬುದನ್ನು ಅಲ್ಲಿ ನಡೆಯುವವರನ್ನು ನೋಡಿ ನಿರ್ಧರಿಸಬೇಕು. ಆ ವೇಗ 'ನಿಧಾನವಾಗಿ ಚಲಿಸಿ' ಎಂಬ ಫಲಕದಿಂದ ಬರುವುದಿಲ್ಲ, ರಸ್ತೆಯನ್ನು ಕಟ್ಟುವ ರೀತಿಯಿಂದ ಬರುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯ ಪ್ರತಿ ವರ್ಷ ರಸ್ತೆ ಅಪಘಾತಗಳ ವರದಿ ಹೊರತರುತ್ತದೆ. 2022ರ ವರದಿಯ ಪ್ರಕಾರ ಆ ಒಂದೇ ವರ್ಷ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದವರು. ಅಂದರೆ ಸತ್ತ ಐವರಲ್ಲಿ ಒಬ್ಬರ ಹತ್ತಿರ ವಾಹನವೇ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಆ ವರ್ಷ ಸತ್ತವರ ಸಂಖ್ಯೆ ಹನ್ನೊಂದು ಸಾವಿರ ದಾಟಿತ್ತು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ ಎರಡೂ ಸೇರಿ ಶೇಕಡಾ 5ರಷ್ಟು ಇರಬಹುದು. ಸಾವಿನಲ್ಲಿ ಇವೆರಡರ ಪಾಲು ಶೇಕಡಾ 60ರ ಆಸುಪಾಸು.

ನಾನು ಹೆದ್ದಾರಿ ಬದಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರ. ಹಾಗಾಗಿ ಒಂದು ಲೆಕ್ಕ ಮಾಡೋಣ, ಕಾಗದ ಪೆನ್ನು ಬೇಕಿಲ್ಲ. ಎರಡು ಲೇನಿನ ಹೆದ್ದಾರಿಯ ಡಾಂಬರಿನ ಅಗಲ 7 ಮೀಟರ್. ಗಟ್ಟಿಮುಟ್ಟಾದ ಮನುಷ್ಯ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ನಡೆಯುತ್ತಾನೆ, ಆರು ಸೆಕೆಂಡಿನಲ್ಲಿ ಆಚೆ ಮುಟ್ಟುತ್ತಾನೆ. ತಲೆಯ ಮೇಲೆ ಬುಟ್ಟಿ ಹೊತ್ತ ಮುದುಕಿಗೆ ಒಂಬತ್ತು ಸೆಕೆಂಡು ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಒಂಬತ್ತು ಸೆಕೆಂಡಿಗೆ 200 ಮೀಟರ್. ಅಂದರೆ ಆಕೆ ಹೆಜ್ಜೆ ಇಡುವ ಮುನ್ನ ಎರಡೂ ಕಡೆ ಇನ್ನೂರು ಮೀಟರ್ ಖಾಲಿ ಇರಬೇಕು. ಅಷ್ಟು ದೂರದ ಗಾಡಿ ಎಷ್ಟು ಜೋರಾಗಿ ಬರುತ್ತಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಎಳೆಯ ಕಣ್ಣಿಗೇ ಕಷ್ಟ. ಪೊರೆ ಬಂದ ಕಣ್ಣಿನ ಮಾತು ಬಿಡಿ.

ಈಗ ಗಾಡಿಯವನ ಕಡೆಯಿಂದ ನೋಡೋಣ. ಯಾರೋ ಅಡ್ಡ ಬಂದರು ಎಂದು ತಿಳಿದು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಎಂದು ಹಿಡಿಯಿರಿ. ಅಷ್ಟರಲ್ಲೇ ಗಾಡಿ 22 ಮೀಟರ್ ಮುಂದೆ ಬಂದಾಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಕಾರು ನಿಲ್ಲಲು ಇನ್ನೂ 35 ಮೀಟರ್ ಬೇಕು. ಎರಡೂ ಕೂಡಿ 57. ಅದೇ ಕಾರು 40ರ ವೇಗದಲ್ಲಿ ಇದ್ದರೆ 11 ಮತ್ತು 9, ಒಟ್ಟು 20 ಮೀಟರಿಗೆ ನಿಲ್ಲುತ್ತದೆ. ವೇಗ ಅರ್ಧವಾದರೆ ಬ್ರೇಕಿನ ದೂರ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ನಮ್ಮ ಪಠ್ಯಪುಸ್ತಕದಲ್ಲೇ ಇದೆ. ಕಬ್ಬು ಹೇರಿದ ಲಾರಿಗೆ, ಮಳೆಯಲ್ಲಿ ನೆನೆದ ರಸ್ತೆಗೆ ಈ ದೂರಗಳು ಇನ್ನೂ ಬೆಳೆಯುತ್ತವೆ. ಕಾರು ಗುದ್ದಿದಾಗ ನಡೆಯುವವನು ಸಾಯುವ ಸಂಭವ, 50ರ ವೇಗಕ್ಕೆ ಹೋಲಿಸಿದರೆ 65ರ ವೇಗದಲ್ಲಿ ನಾಲ್ಕೂವರೆ ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 'ಸ್ವಲ್ಪ ಜೋರು' ಎಂದು ನಾವು ಹಗುರವಾಗಿ ಆಡುವ ಮಾತಿನ ತೂಕ ಇಷ್ಟು.

ಇಷ್ಟು ಲೆಕ್ಕ ಗೊತ್ತಿದ್ದೂ ಊರೊಳಗಿನ ರಸ್ತೆಯನ್ನು ಬಯಲಿನಲ್ಲಿ ಕಟ್ಟಿದ ಹಾಗೆಯೇ ನೇರವಾಗಿ, ಅಗಲವಾಗಿ, ನುಣ್ಣಗೆ ಕಟ್ಟುತ್ತೇವೆ. ಎದುರಿಗೆ ನುಣ್ಣನೆಯ ನೇರ ರಸ್ತೆ ಕಂಡರೆ ಯಾವ ಚಾಲಕನ ಕಾಲೂ ತಾನಾಗಿ ಒತ್ತುತ್ತದೆ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಊರಿನ ಬಾಯಿಗೆ ಬಂದಾಗ 'ಇಲ್ಲಿಂದ ಬೇರೆ ಜಾಗ ಶುರುವಾಯಿತು' ಎಂದು ಅವನ ಕಣ್ಣಿಗೂ ಚಕ್ರಕ್ಕೂ ಗೊತ್ತಾಗಬೇಕು. ಮೊದಲು ಅಡ್ಡಪಟ್ಟಿಗಳ ಗಡಗಡ ಸದ್ದು, ಆಮೇಲೆ ಬಿಳಿ ಗೆರೆಗಳಿಂದ ಇಕ್ಕಟ್ಟಾದ ಲೇನು, ನಡುವೆ ಒಂದು ದ್ವೀಪ, ಸಾಲಾಗಿ ದೀಪದ ಕಂಬ. ಇಷ್ಟು ಕಂಡರೆ ಕಾಲು ಸಡಿಲಾಗುತ್ತದೆ.

ನಡುವಿನ ದ್ವೀಪದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ನಾಲ್ಕು ಲೇನಿನ ರಸ್ತೆಯಲ್ಲಿ ಡಿವೈಡರ್ ಕಟ್ಟುತ್ತಾರೆ, ದಾಟುವ ಜಾಗವನ್ನು ಅರ್ಧ ಕಿಲೋಮೀಟರ್ ಆಚೆ ಕೊಡುತ್ತಾರೆ. ಜನ ಅಷ್ಟು ದೂರ ಸುತ್ತುವುದಿಲ್ಲ. ಎಲ್ಲೋ ಒಂದು ಕಡೆ ಕಲ್ಲು ಕಿತ್ತು ಸಂದಿ ಮಾಡಿಕೊಳ್ಳುತ್ತಾರೆ, ಅದರಲ್ಲಿ ಬೈಕೂ ನುಗ್ಗುತ್ತದೆ. ಆ ಸಂದಿಯನ್ನು ಮುಚ್ಚಿಸಿದರೆ ಮರುವಾರ ಇನ್ನೊಂದು ಹುಟ್ಟುತ್ತದೆ. ಜನ ಎಲ್ಲಿ ದಾಟುತ್ತಾರೋ ಅಲ್ಲಿಯೇ ದಾಟುವ ಜಾಗ ಬೇಕಾಗಿದೆ ಎಂದು ಇಂಜಿನಿಯರು ಆ ಸಂದಿಯನ್ನು ನೋಡಿ ತಿಳಿದುಕೊಳ್ಳಬೇಕು. ನಡುವೆ ಕನಿಷ್ಠ 2 ಮೀಟರ್ ಅಗಲದ, ಎರಡೂ ಬದಿಗೆ ಕಲ್ಲಿನ ಅಂಚಿರುವ, ಮೇಲೆ ದೀಪವಿರುವ ನಿಲ್ಲುವ ಜಾಗ ಬೇಕು. ಎರಡು ಮೀಟರೇ ಏಕೆ ಎಂದರೆ ಒಂದು ಸೈಕಲ್ಲಿನ ಉದ್ದ ಸುಮಾರು 1.8 ಮೀಟರ್. ಅದಕ್ಕಿಂತ ಸಣ್ಣ ಜಾಗದಲ್ಲಿ ಸೈಕಲ್ ಹಿಡಿದು ನಿಂತ ಹುಡುಗಿಯ ಹಿಂದಿನ ಚಕ್ರ ಒಂದು ಲೇನಿಗೆ ಚಾಚಿರುತ್ತದೆ. ದ್ವೀಪವಿದ್ದರೆ ಒಂದು ಬಾರಿಗೆ ಒಂದೇ ಕಡೆಯ ಗಾಡಿ ನೋಡಿ ಅರ್ಧ ದಾಟಬಹುದು. ನಿಂತು ಉಸಿರು ಬಿಟ್ಟು ಮತ್ತರ್ಧ ದಾಟಬಹುದು.

ಸೈಕಲ್ಲಿನ ಮಾತು ಬಂತು. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಆ ಯೋಜನೆ ಹಳ್ಳಿಯ ಹೆಣ್ಣುಮಕ್ಕಳಿಗೆ ಏನು ಮಾಡಿತೆಂಬುದನ್ನು ನಾನು ತರಗತಿಯಲ್ಲಿ ನಿಂತು ಕಂಡಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಡಿಸುತ್ತಿದ್ದ ಮನೆಗಳಿಂದ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರು ಬಂದರು. ಆದರೆ ಸೈಕಲ್ ಕೊಟ್ಟ ನಾವು ಅದು ಓಡುವ ದಾರಿಯನ್ನು ಕೊಡಲಿಲ್ಲ. ಹಳ್ಳಿಯ ಕಚ್ಚಾ ರಸ್ತೆ ಮುಗಿದ ಕೂಡಲೇ ಆ ಮಕ್ಕಳು ಹೆದ್ದಾರಿಗೆ ಇಳಿಯುತ್ತಿದ್ದರು. ಈಗಲೂ ಸೈಕಲ್ಲಿನ ಮೇಲೆ ಶಾಲೆಗೆ ಬರುವ ಮಕ್ಕಳದು ಅದೇ ಪಾಡು.

ಹೆದ್ದಾರಿಯ ಅಂಚನ್ನು ಎಂದಾದರೂ ಕೂತು ನೋಡಿದ್ದೀರಾ? ಡಾಂಬರು ಹಳೆಯದಾದಾಗಲೆಲ್ಲ ಅದರ ಮೇಲೆ ಹೊಸ ಪದರ ಎಳೆಯುತ್ತಾರೆ. ಪಕ್ಕದ ಮಣ್ಣನ್ನು ಏರಿಸುವುದಿಲ್ಲ. ಮಳೆಗಾಲದಲ್ಲಿ ಆ ಮಣ್ಣು ಇನ್ನೂ ಕೊಚ್ಚಿಹೋಗುತ್ತದೆ. ನಾಲ್ಕು ವರ್ಷ ಕಳೆದರೆ ಡಾಂಬರಿಗೂ ನೆಲಕ್ಕೂ ನಡುವೆ ಒಂದು ಮೆಟ್ಟಿಲೇ ಆಗಿರುತ್ತದೆ, ಕೆಲವು ಕಡೆ ಗೇಣುದ್ದ. ಅಂಚಿನ ಜಲ್ಲಿ ಕಿತ್ತು ಕರಗಸದ ಹಲ್ಲಿನಂತೆ ಮೊನೆ ಮೊನೆಯಾಗಿರುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ. ಹುಡುಗ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಾನೆ. ಮುಂದಿನ ಚಕ್ರ ಮೆಟ್ಟಿಲಿನಿಂದ ಕೆಳಗೆ ಇಳಿದು ಅಂಚಿಗೆ ಉಜ್ಜುತ್ತದೆ. ಅವನು ಗಾಬರಿಯಿಂದ ಮತ್ತೆ ಮೇಲೆ ಹತ್ತಿಸಲು ಹೋಗುತ್ತಾನೆ. ಚಕ್ರ ಹತ್ತುವುದಿಲ್ಲ, ಸೈಕಲ್ ಹೊರಳುತ್ತದೆ, ಹುಡುಗ ಬೀಳುವುದು ರಸ್ತೆಯ ಕಡೆಗೆ. 'ಸೈಕಲ್ ಸವಾರ ಆಯತಪ್ಪಿ ಬಿದ್ದು' ಎಂದು ಪತ್ರಿಕೆಯಲ್ಲಿ ಬರುತ್ತದೆ. ಅವನ ಆಯ ತಪ್ಪಿಸಿದ್ದು ಆ ಮೆಟ್ಟಿಲು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಡಾಂಬರು ಹಾಕುವ ಕಾಮಗಾರಿಯಲ್ಲೇ ಪಕ್ಕದ ಮಣ್ಣು ಏರಿಸಿ ರೋಲರ್ ಆಡಿಸುವ ಬಾಬತ್ತು ಇರಬೇಕು, ಅದನ್ನು ಮಾಡದೆ ಬಿಲ್ ಆಗಬಾರದು. ಊರಿನ ಎರಡು ಮೂರು ಕಿಲೋಮೀಟರಿನಲ್ಲಿ ಮಣ್ಣಿನ ಬದಲು ಗಟ್ಟಿ ಅಂಚನ್ನೇ ಕಟ್ಟಿ, ಬಿಳಿ ಗೆರೆ ಎಳೆದು, ಅಲ್ಲಿ ಲಾರಿ ನಿಲ್ಲದಂತೆ ನೋಡಿಕೊಂಡರೆ ಸೈಕಲ್ಲಿಗೆ ಒಂದು ದಾರಿಯೇ ಆಯಿತು.

ಇದರ ಜೊತೆ ನಮ್ಮವರೇ ತಿದ್ದಿಕೊಳ್ಳಬೇಕಾದದ್ದೂ ಇದೆ. ಸುಗ್ಗಿಯಲ್ಲಿ ಜೋಳ, ಹುರುಳಿ, ಗೋವಿನಜೋಳ ಒಣಗಲೆಂದು ರಸ್ತೆಯ ಅರ್ಧಕ್ಕೆ ಹರಡಿ, ಸುತ್ತ ಕಲ್ಲು ಇಡುತ್ತೇವೆ. ಕಣ ಮಾಡಲು ಜಾಗವಿಲ್ಲದ ರೈತನ ಕಷ್ಟ ನನಗೆ ಗೊತ್ತು. ಆದರೆ ಆ ಕಲ್ಲು ರಾತ್ರಿ ಹಾಗೆಯೇ ಉಳಿದು ಜೀವ ತೆಗೆಯುತ್ತದೆ. ಪಂಚಾಯಿತಿಗಳು ಊರಿಗೊಂದು ಒಕ್ಕಲು ಕಣ ಕಟ್ಟಿಸಿಕೊಟ್ಟರೆ ರಸ್ತೆಯ ಅಂಚು ನಡೆಯುವವರ ಪಾಲಿಗೆ ಉಳಿಯುತ್ತದೆ.

ಬಸ್ ನಿಲ್ಲುವ ಜಾಗಕ್ಕೆ ಬರೋಣ. ಬಸ್ ನಿಂತಿತು, ಹತ್ತು ಜನ ಇಳಿದರು. ಮನೆ ಆಚೆ ಕಡೆ ಇದೆ. ಬಸ್ಸಿನ ಮುಂದಿನಿಂದ ದಾಟಲು ಹೊರಡುತ್ತಾರೆ. ಬಸ್ಸನ್ನು ಹಿಂದೆ ಹಾಕಲು ಬಲಗಡೆಯಿಂದ ಬರುವ ಜೀಪಿನವನಿಗೆ ಅವರು ಕಾಣುವುದಿಲ್ಲ, ಅವರಿಗೆ ಜೀಪು ಕಾಣುವುದಿಲ್ಲ. ಒಂದು ಸಂಜೆ ಒಬ್ಬ ಮುದುಕಿ ಹೀಗೆ ಹೆಜ್ಜೆ ಎತ್ತಿದ್ದಳು. ನಮ್ಮ ಶಾಲೆಯ ಹುಡುಗನೊಬ್ಬ ಓಡಿಹೋಗಿ ಅಡ್ಡ ನಿಂತ. 'ಆಯಿ, ತಡೀ, ಬಸ್ ಹೋಗ್ಲಿ, ಹಿಂದಿನಿಂದ ದಾಟೂಣು' ಎಂದ. 'ಬಸ್ ಹೋಗೂತನಾ ನಿಂತ್ರ ಹೊತ್ತು ಮುಳಗತೈತಿ ತಮ್ಮಾ' ಎಂದಳು ಆಕೆ. ಆದರೂ ಕೈ ಹಿಡಿದು ನಿಂತಳು. ಹುಡುಗನ ಬುದ್ಧಿ ದೊಡ್ಡದು. ಆದರೆ ಪ್ರತಿ ನಿಲ್ದಾಣದಲ್ಲೂ ಒಬ್ಬ ಹುಡುಗನನ್ನು ನಿಲ್ಲಿಸಲು ಆಗುವುದಿಲ್ಲ. ನಿಲ್ದಾಣವನ್ನು ದಾಟುವ ಪಟ್ಟಿಯಿಂದ ಮುಂದಕ್ಕೆ ಸರಿಸಿದರೆ, ಇಳಿದವರು ತಾವಾಗಿಯೇ ಬಸ್ಸಿನ ಬೆನ್ನ ಹಿಂದಿನಿಂದ ದಾಟುತ್ತಾರೆ, ಹಿಂದೆ ಬರುವ ಗಾಡಿಗೆ ದೂರದಿಂದಲೇ ಕಾಣುತ್ತಾರೆ. ಎರಡೂ ಕಡೆಯ ನಿಲ್ದಾಣಗಳು ಎದುರುಬದುರು ಇರಬಾರದು. ಪಟ್ಟಿ ನಡುವೆ, ಎರಡೂ ಬಸ್ಸುಗಳ ಬೆನ್ನು ಪಟ್ಟಿಯ ಕಡೆಗೆ. ಕಂಬ ಕಿತ್ತು ಐವತ್ತು ಮೀಟರ್ ಆಚೆ ನೆಡುವ ಖರ್ಚಿನ ಕೆಲಸ ಇದು.

ಅಪಘಾತವಾದ ಮೇಲೆ ನಮ್ಮ ಊರುಗಳಲ್ಲಿ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಜನ ಸಿಟ್ಟಿಗೇಳುತ್ತಾರೆ, ರಸ್ತೆ ತಡೆ ನಡೆಯುತ್ತದೆ, ಟೈರ್ ಸುಡುತ್ತಾರೆ, ಬೆಳಗಾಗುವಷ್ಟರಲ್ಲಿ ಅಲ್ಲೊಂದು ಹಂಪ್ ಎದ್ದಿರುತ್ತದೆ. ಮಗು ಕಳೆದುಕೊಂಡ ಊರಿನ ಸಿಟ್ಟು ನ್ಯಾಯವಾದದ್ದು. ಆದರೆ ಮೊಳಕಾಲೆತ್ತರಕ್ಕೆ ಕಲ್ಲು ಮಣ್ಣು ಹಾಕಿ, ಬಣ್ಣ ಬಳಿಯದೆ ಬಿಟ್ಟ ಹಂಪು ಮುಂದಿನ ರಾತ್ರಿ ಇನ್ನೊಬ್ಬ ಬೈಕಿನವನನ್ನು ಎತ್ತಿ ಒಗೆಯುತ್ತದೆ, ಗರ್ಭಿಣಿಯನ್ನು ಹೊತ್ತ ಆಂಬುಲೆನ್ಸನ್ನು ಕುಕ್ಕುತ್ತದೆ. ಹಂಪಿಗೂ ಒಂದು ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾನದಂಡದ ಪ್ರಕಾರ ಅದರ ಅಗಲ 3.7 ಮೀಟರ್, ಎತ್ತರ ನಡುವೆ 10 ಸೆಂಟಿಮೀಟರ್. ಬಿಲ್ಲಿನಂತೆ ನಿಧಾನ ಏರಿ ನಿಧಾನ ಇಳಿಯಬೇಕು. 25ರ ವೇಗದಲ್ಲಿ ಬಂದವನಿಗೆ ತೊಂದರೆಯಿಲ್ಲ, ಜೋರಾಗಿ ಬಂದವನಿಗೆ ಮಾತ್ರ ತಟ್ಟುತ್ತದೆ. ಇದು ಊರಿನ ಒಳರಸ್ತೆ ಹೆದ್ದಾರಿಗೆ ಸೇರುವ ಬಾಯಿಗೆ, ಶಾಲೆಯ ಓಣಿಗೆ ಸರಿ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಂಪ್ ಹಾಕಲು ಕೇಂದ್ರ ಒಪ್ಪುವುದಿಲ್ಲ. ಹಾಗಾಗಿ ಅಲ್ಲಿ ದ್ವೀಪ, ಸಿಗ್ನಲ್, ಇಕ್ಕಟ್ಟಾದ ಲೇನು, ಕೆಳಸೇತುವೆ ಇವುಗಳನ್ನೇ ಕೇಳಬೇಕು. ಕೆಳಸೇತುವೆ ಎಂದರೆ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವ, ಸಂಜೆಯಾದರೆ ಹೆಣ್ಣುಮಕ್ಕಳು ಕಾಲಿಡಲು ಹೆದರುವ ಕತ್ತಲ ಕೊಳವೆ ಆಗಬಾರದು.

ಇದೆಲ್ಲ ಆಗುವ ಹೋಗುವ ಮಾತೇ ಎಂದು ಕೆಲವರು ಕೇಳಬಹುದು. ನಮ್ಮಲ್ಲೇ ಆಗಿದೆ. ಬೆಳಗಾವಿಯಿಂದ ಸಾಂಬ್ರಾ, ನೇಸರ್ಗಿ ಮೇಲೆ ಯರಗಟ್ಟಿಗೆ ಹೋಗುವ ರಾಜ್ಯ ಹೆದ್ದಾರಿ 20, ಜನರ ಬಾಯಲ್ಲಿ ಬಾಗಲಕೋಟೆ ರಸ್ತೆ. ವಿಶ್ವಬ್ಯಾಂಕ್ ನೆರವಿನ ಕೆಶಿಪ್, ಅಂದರೆ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯ ಎರಡನೆಯ ಹಂತದಲ್ಲಿ ಆ ರಸ್ತೆಯ 62 ಕಿಲೋಮೀಟರನ್ನು ಮಾದರಿ ಸುರಕ್ಷಿತ ರಸ್ತೆಯಾಗಿ ಆರಿಸಿಕೊಂಡರು. ರಸ್ತೆ ತಿದ್ದುವುದು ಲೋಕೋಪಯೋಗಿ ಇಲಾಖೆಯ ಕೆಲಸ, ವೇಗ ಹಿಡಿಯುವುದು ಪೊಲೀಸರದು, ಗಾಯಾಳುವನ್ನು ಉಳಿಸುವುದು ಆರೋಗ್ಯ ಇಲಾಖೆಯದು, ಚಾಲಕರಿಗೆ ತಿಳಿಹೇಳುವುದು ಸಾರಿಗೆ ಇಲಾಖೆಯದು ಎಂದು ನಾವು ಹಂಚಿಬಿಟ್ಟಿದ್ದೇವೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಅಲ್ಲಿ ಇವರೆಲ್ಲ ಒಂದೇ ರಸ್ತೆಯ ಮೇಲೆ, ಒಂದೇ ಕಾಲಕ್ಕೆ, ಕೂಡಿ ಕೆಲಸ ಮಾಡಿದರು. 2015ರಿಂದ 2018ರೊಳಗೆ ಆ ರಸ್ತೆಯಲ್ಲಿ ಸಾಯುವವರ ಸಂಖ್ಯೆ ಅರ್ಧಕ್ಕೂ ಹೆಚ್ಚು ಇಳಿಯಿತು. ಅದೇ ಚಾಲಕರು, ಅದೇ ಜನ, ಅದೇ ಎತ್ತಿನ ಗಾಡಿ, ಅದೇ ಟ್ರ್ಯಾಕ್ಟರು. 'ನಮ್ಮ ಜನ ಸುಧಾರಿಸುವುದಿಲ್ಲ' ಎಂದು ಕೈ ಚೆಲ್ಲುವವರಿಗೆ ನಾನು ಈ ರಸ್ತೆಯನ್ನು ತೋರಿಸುತ್ತೇನೆ.

ಅದೇ ಸೀಮೆಯ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಯರಗಟ್ಟಿ ದಾಟಿದರೆ ಸವದತ್ತಿಯ ಎಲ್ಲಮ್ಮನ ಗುಡ್ಡ ದೂರವಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಊರಿಗೆ ಊರೇ ನಡೆದು ಹೊರಡುತ್ತದೆ, ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಹೋಗುವವರು ಇನ್ನೂ ಇದ್ದಾರೆ. ಬಿಸಿಲು ತಪ್ಪಿಸಲು ರಾತ್ರಿ, ನಸುಕಿನಲ್ಲಿ ನಡೆಯುತ್ತಾರೆ. ಕಬ್ಬು ಕಾರ್ಖಾನೆಗೆ ಸಾಗುವ ಕಾಲವೂ ಅದೇ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಿಲ್ಲದೆ ಸಾಲಾಗಿ ಹೋಗುತ್ತವೆ, ಕೆಟ್ಟು ನಿಂತರೆ ರಸ್ತೆಯ ಮೇಲೆಯೇ ನಿಲ್ಲುತ್ತವೆ. ಅವುಗಳನ್ನು ತಪ್ಪಿಸಲು ಹೋದ ಗಾಡಿ ಅಂಚಿನಲ್ಲಿ ನಡೆಯುವವರ ಮೇಲೆ ಹಾಯುತ್ತದೆ. ಮಂಜು ಬಿದ್ದಿದ್ದರೆ ಕೇಳುವುದೇ ಬೇಡ. ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಅಂಟಿಸದ ಟ್ರೇಲರನ್ನು ಕಾರ್ಖಾನೆಯ ತೂಕದ ಸೇತುವೆಯ ಮೇಲೆ ಹತ್ತಿಸುವುದಿಲ್ಲ ಎಂದು ಹಂಗಾಮಿನ ಮೊದಲ ದಿನದಿಂದಲೇ ಕಟ್ಟುನಿಟ್ಟು ಮಾಡಿದರೆ ಒಂದೇ ವಾರದಲ್ಲಿ ಎಲ್ಲವಕ್ಕೂ ಪಟ್ಟಿ ಬೀಳುತ್ತದೆ. ಪಾದಯಾತ್ರೆಗೆ ಹೋಗುವ ಬಂಧುಗಳು ಒಂದು ಮಾತು ನಡೆಸಿಕೊಡಬೇಕು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಗೆ, ಎದುರು ಬರುವ ಗಾಡಿ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಗುಂಪಿನ ಮೊದಲಿನವರೂ ಕೊನೆಯವರೂ ಬ್ಯಾಟರಿ ಹಿಡಿದಿರಿ, ಚೀಲದ ಮೇಲೆ ಅದೇ ಹೊಳೆಯುವ ಪಟ್ಟಿ ಹೊಲಿಸಿಕೊಳ್ಳಿ. ಸೈಕಲ್ಲಿನವರು ಮಾತ್ರ ಎಡಬದಿಯೇ ಹಿಡಿಯಬೇಕು.

ಬೈಪಾಸ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ನಮ್ಮಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿ ಹೊರಗಿನಿಂದ ಹೋಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯ ಮೇಲೆ ಬೈಕು, ಆಟೋ, ಸೈಕಲ್, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಅವು ಸರ್ವಿಸ್ ರಸ್ತೆ ಹಿಡಿಯಬೇಕು. ದೂರ ಹೋಗುವ ವೇಗದ ಗಾಡಿಗಳನ್ನು ಬೇರೆ ಮಾಡಿದ್ದು ಸರಿ. ಆದರೆ ಹೊಲ ಒಂದು ಕಡೆ, ಮನೆ ಒಂದು ಕಡೆ ಆದ ಹಳ್ಳಿಯವರಿಗೆ ಹತ್ತಿರದಲ್ಲೇ ದಾಟುವ ದಾರಿ ಬೇಕು, ಸರ್ವಿಸ್ ರಸ್ತೆ ನಡುವೆ ತುಂಡಾಗಬಾರದು, ಇಷ್ಟನ್ನು ಪಟ್ಟು ಹಿಡಿದು ಕೇಳಬೇಕು. ಊರೊಳಗೆ ಉಳಿದ ಹಳೆಯ ಹೆದ್ದಾರಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬೈಪಾಸ್ ಆದ ಮೇಲೆ ಹಳೆಯ ತುಂಡನ್ನು ರಾಜ್ಯಕ್ಕೆ ಒಪ್ಪಿಸುವ ಮುನ್ನ ಒಂದು ಸಲ ದುರಸ್ತಿ ಮಾಡಿಕೊಡುವ ಪದ್ಧತಿ ಇದೆ. ಆ ದುಡ್ಡೆಲ್ಲ ಬರಿ ಡಾಂಬರಿಗೆ ಹೋದರೆ ಊರಿನ ಹುಡುಗರಿಗೆ ಬೈಕ್ ಓಡಿಸುವ ರೇಸಿನ ಮೈದಾನವಾಗುತ್ತದೆ. ಆ ಅಗಲದಲ್ಲಿ ಎರಡೂ ಬದಿಗೆ 1.8 ಮೀಟರ್ ಫುಟ್‌ಪಾತ್, ಒಂದು ಸೈಕಲ್ ದಾರಿ, ನೆರಳಿಗೆ ಬೇವು ಹೊಂಗೆ, ಎಲ್ಲಕ್ಕೂ ಜಾಗವಿದೆ.

ಇನ್ನು ಕಾನೂನಿನ ಬಲ. ಅಡೆತಡೆಯಿಲ್ಲದ ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ 198ಎ ಎಂಬ ಕಲಮನ್ನು ಸೇರಿಸಿದರು. ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಕಟ್ಟಿ, ಅದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಗುತ್ತಿಗೆದಾರ, ಸಲಹೆಗಾರ, ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರ ಇವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ಸಣ್ಣದು, ಆದರೆ ರಸ್ತೆಯೂ ತಪ್ಪಿತಸ್ಥ ಆಗಬಹುದು ಎಂದು ಕಾನೂನು ಒಪ್ಪಿಕೊಂಡಿತು. ಅದೇ ಕಾಯ್ದೆಯ 134ಎ ಕಲಮು ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲಬೇಡಿ, 108ಕ್ಕೆ ಕರೆ ಮಾಡಿ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ 2022ರ ಏಪ್ರಿಲ್‌ನಿಂದ ಸತ್ತವರ ಕುಟುಂಬಕ್ಕೆ ಎರಡು ಲಕ್ಷ, ಗಂಭೀರ ಗಾಯವಾದವರಿಗೆ ಐವತ್ತು ಸಾವಿರ ಪರಿಹಾರವಿದೆ. ಹಳ್ಳಿಗಳಲ್ಲಿ ಇದು ಗೊತ್ತಿಲ್ಲದೆ ಅರ್ಜಿ ಹಾಕದವರೇ ಹೆಚ್ಚು.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇದೆ. ನಿಮ್ಮೂರಿನ ದಾಟುವ ಜಾಗದ ಮಾತು ಅಲ್ಲಿ ಏಳಬೇಕು. ಗ್ರಾಮಸಭೆಯಲ್ಲೋ ಪಟ್ಟಣ ಪಂಚಾಯಿತಿಯಲ್ಲೋ ಒಂದು ಠರಾವು ಮಾಡಿ, ಅದರ ಪ್ರತಿಯನ್ನು ಸಮಿತಿಗೂ ಪೊಲೀಸ್ ವರಿಷ್ಠರಿಗೂ ಕಳಿಸಿ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ ಕಾರ್ಯನಿರ್ವಾಹಕ ಇಂಜಿನಿಯರಿಗೆ, ರಾಷ್ಟ್ರೀಯ ಹೆದ್ದಾರಿಯಾದರೆ ಅದರ ಯೋಜನಾ ನಿರ್ದೇಶಕರಿಗೂ ಒಂದು ಪ್ರತಿ. ರಾಷ್ಟ್ರೀಯ ಹೆದ್ದಾರಿಯ ದೂರಿಗೆ 1033 ಎಂಬ ಸಹಾಯವಾಣಿಯೂ ಇದೆ. 'ನಮ್ಮೂರಲ್ಲಿ ಬಹಳ ಅಪಘಾತ ಆಗುತ್ತವೆ, ಕ್ರಮ ಕೈಗೊಳ್ಳಿ' ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಕೂತುಬಿಡುತ್ತದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆಯಿರಿ. ಶಾಲೆ ಕೂಡುವ, ಬಿಡುವ ಹೊತ್ತಿಗೆ ಒಂದು ಗಂಟೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಸೈಕಲ್ ದಾಟುತ್ತವೆ ಎಂದು ಎಣಿಸಿ ಬರೆಯಿರಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಮೂರು ದಿನದಲ್ಲಿ ಚೊಕ್ಕಟವಾಗಿ ಮಾಡಿಕೊಡುತ್ತಾರೆ, ಅಂಕಿಅಂಶದ ಪಾಠವೂ ಆಗುತ್ತದೆ. ಮೂರು ವರ್ಷದಲ್ಲಿ ಅಲ್ಲಿ ಆದ ಅಪಘಾತಗಳ ವಿವರವನ್ನು ಠಾಣೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು ಲಗತ್ತಿಸಿ. ಕೊನೆಗೆ ಏನು ಬೇಕೆಂಬುದನ್ನು ಸ್ಪಷ್ಟವಾಗಿ ಬರೆಯಿರಿ: ಇಂಥ ಕಲ್ಲಿನ ಹತ್ತಿರ ಎರಡು ಮೀಟರಿನ ದ್ವೀಪ, ಇಂಥಲ್ಲಿ ಎರಡು ದೀಪ, ಬಸ್ ನಿಲ್ದಾಣ ಇಷ್ಟು ಮೀಟರ್ ಮುಂದಕ್ಕೆ, ಇಲ್ಲಿಂದ ಅಲ್ಲಿಯವರೆಗೆ ಮಣ್ಣಿನ ಅಂಚು ಭರ್ತಿ. ಸಮಿತಿಯ ಸಭೆ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಒಂದು ವಾರ ಮೊದಲೇ ಅರ್ಜಿ ತಲುಪಿಸಿ, ಸ್ವೀಕೃತಿ ಪಡೆದುಕೊಳ್ಳಿ.